ಹಾಲಬಾವಿಗೆ ಎರಡೇ ಹಂತ

ಮೂರನೇ ಸ್ಕ್ರೂ ಬಿಚ್ಚುವಷ್ಟರಲ್ಲಿ ತೋಳಚೀಲ ಸಾಬಮ್ಮಳ ಕೈ ಬಿಟ್ಟಿತು.

ಅಲ್ಲಿಯವರೆಗೆ ಬೆರಳುಗಳನ್ನು ಮೆತ್ತಗೆ ಹಿಡಿದು ನಡೆಸುತ್ತಿದ್ದ ಬಿಗಿ ಒಮ್ಮೆಲೇ ಸಡಿಲವಾಯಿತು. ಮೊಣಕೈವರೆಗೆ ಹರಿಯುತ್ತಿದ್ದ ಜುಮುಜುಮು ನಿಂತಿತು. ಎದುರಿಗೆ ಪಾಠಕ್ಕೆಂದೇ ಇಟ್ಟಿದ್ದ ಹಳೆಯ ಡಯಾಲಿಸಿಸ್ ಯಂತ್ರ ಅರ್ಧ ಹೊಟ್ಟೆ ತೆರೆದುಕೊಂಡು ನಿಂತಿತ್ತು. ಗೋಡೆಯ ಪರದೆಯ ಮೇಲೆ ಒಂದು ಸಾಲು ಮೂಡಿತು: 'ಈ ಭಾಗ ನಿಮ್ಮ ಪ್ರದೇಶದ ಹಂತವನ್ನು ಮೀರಿದ್ದು.'

"ಸರ್, ಏನಾಯ್ತ್ರಿ? ಕರೆಂಟ್ ಹೋಯ್ತೇನು?"

"ಕರೆಂಟ್ ಅಲ್ಲ ಮಾರಾಯ್ರೆ," ಲೋಬೊ ಮೇಷ್ಟ್ರ ದನಿ ಬಂತು. "ನನ್ನ ಕೈ ಇಲ್ಲಿ ನಡೀತಾ ಉಂಟು. ನಿಮಗೆ ಮುಟ್ಟುದಿಲ್ಲ. ಅವರು ಮಧ್ಯದಲ್ಲಿ ಕಟ್ ಮಾಡಿದ್ದು."

ತೋಳಚೀಲವೆಂದರೆ ಬೆರಳ ತುದಿಯಿಂದ ಮೊಣಕೈವರೆಗೆ ತೊಡುವ ಬೂದುಬಣ್ಣದ ತೆಳು ಬಟ್ಟೆ. ಅದರ ನೂಲಿನ ನಡುವೆ ಕೂದಲೆಳೆಯಂಥ ತಂತಿಗಳು. ಯೋಜನೆಯ ಸರ್ಕಾರಿ ಹೆಸರು 'ದೂರಹಸ್ತ'. ನಲವತ್ತು ವರ್ಷ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡಿದ ಗ್ರೆಗರಿ ಲೋಬೊ ಮಂಗಳೂರಿನಲ್ಲಿ ಕೂತು ಅಂಥದೇ ಒಂದು ಚೀಲ ತೊಟ್ಟು ನಟ್ಟು ತಿರುಗಿಸಿದರೆ, ಅವರ ಸ್ನಾಯುಗಳ ಮಿಡಿತ ಯಾದಗಿರಿ ಜಿಲ್ಲೆಯ ಹಾಲಬಾವಿಯಲ್ಲಿ ಒಂಬತ್ತು ಜನರ ಕೈಯಲ್ಲಿ ಮೂಡುತ್ತಿತ್ತು. ಒಂದು ಕೆಲಸವನ್ನು ನಲವತ್ತು ಸಲ ಹಾಗೆ ಮಾಡಿಸಿದರೆ ಕೈ ತಾನಾಗಿ ಕಲಿತುಬಿಡುತ್ತಿತ್ತು. ಕಲಿಯುವವರ ಅಳುಕು, ಅವಸರ, ತಪ್ಪು ಒತ್ತಡ ಎಲ್ಲವೂ ಅದೇ ದಾರಿಯಲ್ಲಿ ಮೇಷ್ಟ್ರ ಕೈಗೂ ತಲುಪುತ್ತಿತ್ತು.

ಕಲಿಕೆಗೆ ಮೂರು ಹಂತ. ಮೊದಲನೆಯದು ಯಂತ್ರ ತೊಳೆಯುವುದು. ಎರಡನೆಯದು ನಳಿಕೆ, ಫಿಲ್ಟರ್ ಬದಲಿಸುವುದು. ಮೂರನೆಯದು ಯಂತ್ರ ಬಿಚ್ಚಿ, ರೋಗ ಹುಡುಕಿ, ಸರಿಪಡಿಸುವುದು. ಯಾವ ಊರಿಗೆ ಎಷ್ಟು ಹಂತ ಎಂಬುದನ್ನು ರಾಜಧಾನಿಯಲ್ಲಿದ್ದ 'ಕೌಶಲ ನಕ್ಷೆ' ಎಂಬ ಲೆಕ್ಕಾಚಾರದ ವ್ಯವಸ್ಥೆ ತೀರ್ಮಾನಿಸುತ್ತಿತ್ತು. ಅದು ಹಾಲಬಾವಿಗೆ ಎರಡು ಹಂತ ಸಾಕು ಎಂದಿತ್ತು.

ಸಾಬಮ್ಮ ಹಾಲಬಾವಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ಆಯಾ. ನೆಲ ಒರೆಸುವುದರಿಂದ ಹಿಡಿದು ರೋಗಿಗಳ ಕಾಲು ಒತ್ತುವವರೆಗೆ ಮಾಡದ ಕೆಲಸವಿಲ್ಲ. ತರಬೇತಿಗೆ ಹೆಸರು ಬರೆಸಿದಾಗ ಆಫೀಸಿನವರು ನಕ್ಕಿದ್ದರು. ಎರಡು ಹಂತಗಳನ್ನು ಅವಳು ಎಲ್ಲರಿಗಿಂತ ಬೇಗ ಮುಗಿಸಿದಾಗ ನಗು ನಿಂತಿತ್ತು.

ಆ ಸಂಜೆ ಮನೆಗೆ ಬಂದಾಗ ಅಕ್ಕ ಯಂಕಮ್ಮ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು. ಪಾದಗಳು ಊದಿಕೊಂಡು ಹೊಳೆಯುತ್ತಿದ್ದವು. ತಾಯಿ ಸತ್ತ ಮೇಲೆ ಸಾಬಮ್ಮಳನ್ನು ಸಾಕಿದ್ದು ಈ ಅಕ್ಕನೇ, ಹೊಲಿಗೆ ಯಂತ್ರ ತುಳಿದು. ಈಗ ಎರಡು ಕಿಡ್ನಿಯೂ ಕೈಕೊಟ್ಟು, ವಾರಕ್ಕೆರಡು ಸಲ ಆಸ್ಪತ್ರೆಯ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರುತ್ತಿದ್ದಳು. ಅಂಥವರು ಹಾಲಬಾವಿ ಸುತ್ತ ಹನ್ನೊಂದು ಜನ. ಅವರೆಲ್ಲರಿಗೆ ಯಂತ್ರಗಳು ಮೂರು.

"ಮುಖ ಯಾಕ ಹಂಗ ಮಾಡ್ಕೊಂಡಿ?" ಅಕ್ಕ ಕೇಳಿದಳು.

"ಮೂರನೇದು ಕಲಸಂಗಿಲ್ಲಂತ. ನಮ್ಮ ಊರಿಗಿ ಬೇಕಿಲ್ಲಂತ."

"ಯಾರಂದ್ರು?"

"ನಕ್ಷಿ."

"ನಕ್ಷಿಗಿ ಕಿಡ್ನಿ ಅದಾವೇನು?" ಎಂದು ಯಂಕಮ್ಮ ನಕ್ಕಳು. ನಗುವುದಕ್ಕೂ ಅವಳಿಗೆ ಏದುಸಿರು ಬರುತ್ತಿತ್ತು.

ಮರುವಾರವೇ ಒಂದು ಯಂತ್ರ ನಿಂತಿತು. ಕೆಂಪು ದೀಪ ಹತ್ತಿ ಕೂಗಿಕೊಂಡದ್ದು ಮತ್ತೆ ಸುಮ್ಮನಾಗಲಿಲ್ಲ. ಡಯಾಲಿಸಿಸ್ ಯಂತ್ರ ಶುದ್ಧ ನೀರಿಗೆ ಉಪ್ಪುಗಳನ್ನು ಲೆಕ್ಕ ತಪ್ಪದೆ ಬೆರೆಸಬೇಕು. ಲೆಕ್ಕ ತಪ್ಪಿದರೆ ರೋಗಿಯ ರಕ್ತ ಕೆಡುತ್ತದೆ, ಅದಕ್ಕೇ ಯಂತ್ರ ತಾನೇ ಕೆಲಸ ನಿಲ್ಲಿಸುತ್ತದೆ. ದೂರು ಬರೆದದ್ದಾಯಿತು. ದೊಡ್ಡ ಊರುಗಳ ಸರದಿ ಮುಗಿದ ಮೇಲೆ ತಂತ್ರಜ್ಞರು ಬರುತ್ತಾರೆ ಎಂಬ ಉತ್ತರ ಬಂತು. ಉಳಿದ ಎರಡು ಯಂತ್ರಗಳ ಮೇಲೆ ಹನ್ನೊಂದು ಜನ ಸರದಿಯಲ್ಲಿ ಮಲಗತೊಡಗಿದರು. ನಾಲ್ಕು ತಾಸಿನ ಶುದ್ಧಿ ಮೂರಕ್ಕಿಳಿಯಿತು.

ಸಾಬಮ್ಮ ಅರ್ಜಿ ಹಾಕಿದಳು. ಆಸ್ಪತ್ರೆಯ ಮುಖ್ಯ ವೈದ್ಯೆ ಡಾಕ್ಟರ್ ನಸೀಮಾ ಅದಕ್ಕೆ ತಮ್ಮ ಶಿಫಾರಸು ಸೇರಿಸಿದರು. ವಿಚಾರಣೆಗೆ ದಿನ ಕೊಟ್ಟರು. ವೈದ್ಯೆಯ ಕೋಣೆಯ ಪರದೆಯ ಮೇಲೆ ನಕ್ಷೆಯ ಅಧಿಕಾರಿ ಚಿದಂಬರ ಕಾಣಿಸಿಕೊಂಡರು. ಮಾತು ಬಹಳ ಸಭ್ಯ.

"ನೋಡಿ ಮೇಡಂ, ನಕ್ಷೆಗೆ ಯಾರ ಮೇಲೂ ದ್ವೇಷ ಇಲ್ಲ. ನಿಮ್ಮಲ್ಲಿರೋದು ಮೂರು ಯಂತ್ರ. ಅಷ್ಟಕ್ಕೆ ಪೂರ್ಣ ತಂತ್ರಜ್ಞರು ಬೇಕಾಗಲ್ಲ. ಅದೂ ಅಲ್ಲದೆ ನಿಮ್ಮ ಭಾಗದಲ್ಲಿ ಮೂರನೇ ಹಂತ ಕಲಿತವರಲ್ಲಿ ನೂರಕ್ಕೆ ಎಂಬತ್ತು ಜನ ವರ್ಷದೊಳಗೆ ಊರು ಬಿಟ್ಟಿದ್ದಾರೆ. ಕಲಿಸಿದ್ದು ಆ ಪ್ರದೇಶದಲ್ಲಿ ಉಳೀತಿಲ್ಲ."

"ಅವ್ರು ಯಾಕ ಹೋದ್ರು ಅಂತ ನಕ್ಷಿ ಕೇಳೇದೇನ್ರಿ?"

"ಕ್ಷಮಿಸಿ?"

"ಮೂರನೇ ಹಂತದ ಕೆಲಸಕ್ಕ ಇಲ್ಲಿ ಒಂದು ಹುದ್ದಿ ಇಟ್ಟೀರೇನು? ಕಲಿತ ಕೈಗಿ ಕೆಲಸ ಇಲ್ಲಂದ್ರ ಹೋಗಲಾರ್ದ ಏನ್ ಮಾಡ್ತಾರ್ರಿ? ಅವ್ರು ಹೋದ್ರಂತ ನಮಗ ಕಲಸೋದು ಬಿಟ್ರಿ. ನಾವು ಕಲೀಲಿಲ್ಲಂತ ಹುದ್ದಿ ಬ್ಯಾಡಂದ್ರಿ. ಹಿಂಗ ಸುತ್ತು ಹಾಕ್ಕೋತ ಹೋದ್ರ ನಾವು ಯಾವಾಗ ಮ್ಯಾಲ ಬರೋದು?"

ಚಿದಂಬರ ಕನ್ನಡಕ ಸರಿಪಡಿಸಿಕೊಂಡರು. "ನೀವು ಹೋಗಲ್ಲ ಅನ್ನೋ ಖಾತ್ರಿ ಏನು?"

"ಖಾತ್ರಿ ಯಾಕ ಕೊಡ್ಬೇಕ್ರಿ? ನಾ ಹೋಗಾಕಿ ಅಲ್ಲ. ಹೋದ್ರೂ ಕಲಿಯೋ ಹಕ್ಕ ನಂದದ."

ಅರ್ಜಿಯನ್ನು ನಕ್ಷೆಯ ಮುಂದಿನ ಪರಿಷ್ಕರಣೆಯಲ್ಲಿ ಪರಿಗಣಿಸುವುದಾಗಿ ಹೇಳಿದರು. ಪರಿಷ್ಕರಣೆ ಯಾವಾಗ ಎಂದು ನಸೀಮಾ ಕೇಳಿದರು. ಐದು ವರ್ಷದ ಮೇಲೆ.

ಎರಡು ದಿನ ಸಾಬಮ್ಮ ಪಾಠದ ಕೋಣೆಗೆ ಹೋಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಅವಳ ಫೋನಿಗೆ ಲೋಬೊ ಕರೆ ಮಾಡಿದರು. ತೋಳಚೀಲವಿಲ್ಲದೆ, ಪರದೆಯಿಲ್ಲದೆ ಅವರು ಮಾತಾಡಿದ್ದು ಅದೇ ಮೊದಲು.

"ಈ ಚೀಲಕ್ಕೆ ಬುದ್ಧಿ ಅಂತ ಇಲ್ಲ ಮಾರಾಯ್ರೆ," ಅಂದರು. "ಯಂತ್ರದ ಒಂದೊಂದು ಭಾಗಕ್ಕೂ ಎಳ್ಳಿನಷ್ಟು ಚಿಪ್ ಅಂಟಿಸಿದ್ದಾರೆ. ಹಂತ ಮೀರಿದ ಭಾಗದ ಚಿಪ್ ಕಂಡರೆ ಚೀಲ ಬಂದ್ ಆಗ್ತದೆ. ಕೈ ಏನು ಕಲೀತಾ ಉಂಟು ಅಂತ ಅದಕ್ಕೆ ಗೊತ್ತಿಲ್ಲ. ಚಿಪ್ ಇಲ್ಲದ ಪಂಪು ಯಾವುದಾದರೂ ಉಂಟಾ ನಿಮ್ಮಲ್ಲಿ?"

"ಎಣ್ಣಿ ಹೊಡಿಯೋ ಪಂಪ್ ಅದಾವ್ರಿ. ಹತ್ತಿ ಹೊಲಕ್ಕ ಔಷಧಿ ಹೊಡಿತಾರಲ್ರಿ, ಬೆನ್ನಿಗಿ ಕಟ್ಕೊಂಡು? ಅಂಗಡ್ಯಾಗ ಹೊಸಾವ ಸಿಗ್ತಾವ."

"ಸಾಕು! ಅದರಲ್ಲಿ ರಬ್ಬರ್ ಪೊರೆ ಉಂಟು, ಎರಡು ವಾಲ್ವ್ ಉಂಟು. ನಿಮ್ಮ ದೊಡ್ಡ ಯಂತ್ರದ ಹೊಟ್ಟೆಯಲ್ಲಿ ಇರುವುದೂ ಅದೇ. ಸ್ವಲ್ಪ ಕೋಟು, ಟೈ ಹಾಕಿಕೊಂಡಿದೆ ಅಷ್ಟೆ."

ಸಾಬಮ್ಮ ನಕ್ಕಳು. ಆಮೇಲೆ ಕೇಳಿದಳು: "ಸರ್, ಗೊತ್ತಾದ್ರ ನಿಮ್ಮ ನೌಕರಿ?"

"ನನಗೆ ಎಪ್ಪತ್ತೊಂದು. ಕೈಯಲ್ಲಿ ನಡುಕ ಶುರುವಾಗಿದೆ, ನಿಮಗೆ ಚೀಲದಲ್ಲಿ ಗೊತ್ತಾಗಿರಬೇಕು. ಈ ಕೈ ನಿಲ್ಲುವ ಮೊದಲು ಅದರಲ್ಲಿ ಇದ್ದದ್ದನ್ನು ಎಲ್ಲಿಯಾದರೂ ಇಳಿಸಬೇಕಲ್ಲ? ಅರ್ಧ ಇಳಿಸಿ ಅರ್ಧ ಮಣ್ಣಿಗೆ ತಕ್ಕೊಂಡು ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ."

ಹೀಗೆ ಹಾಲಬಾವಿಯ ಮೂರನೇ ಹಂತ ಶುರುವಾಯಿತು. ಒಂಬತ್ತು ಜನ ಪಾಠದ ಕೋಣೆಯ ನೆಲದ ಮೇಲೆ ತಾಡಪತ್ರಿ ಹಾಸಿ ಹೊಸ ಪಂಪುಗಳನ್ನು, ಕೆಟ್ಟ ಮಿಕ್ಸರುಗಳನ್ನು, ಕೂಲರಿನ ಮೋಟಾರುಗಳನ್ನು ಹರಡಿಕೊಂಡು ಕೂತರು. ಪರದೆಯ ಮೇಲೆ 'ಗುರುತಿಲ್ಲದ ಗೃಹ ವಸ್ತು' ಎಂಬ ಅಕ್ಷರ ಮೂಡಿತು. ತೋಳಚೀಲ ತಕರಾರಿಲ್ಲದೆ ಬಿಗಿಯಾಯಿತು.

ಸಾಬಮ್ಮ ಆ ದಿನಗಳಲ್ಲಿ ಕಲಿತದ್ದು ಕಣ್ಣಿಗೆ ಕಾಣುವಂಥದ್ದಲ್ಲ. ಪಂಪಿನ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ಕಾಯಬೇಕು. ಆರೋಗ್ಯವಂತ ವಾಲ್ವು ಟಕ್, ಟಕ್ ಎಂದು ಎರಡು ಸ್ವಚ್ಛ ಬಡಿತ ಕೊಡುತ್ತದೆ. ರಬ್ಬರು ಸವೆದಿದ್ದರೆ ಎರಡನೆಯ ಬಡಿತ ಮೆತ್ತಗಾಗುತ್ತದೆ. ಕಸ ಸಿಕ್ಕಿದ್ದರೆ ಎರಡರ ನಡುವೆ ಒಂದು ಕೊಸರಾಟ ಬರುತ್ತದೆ. ಲೋಬೊ ನಲವತ್ತು ವರ್ಷ ಕೂಡಿಟ್ಟ ಅಂಥ ನೂರಾರು ಬಡಿತಗಳು ಒಂದೊಂದಾಗಿ ಅವಳ ಬೆರಳಿಗೆ ಇಳಿದವು. ಮನೆಯಲ್ಲಿ ರೊಟ್ಟಿ ತಟ್ಟುವಾಗಲೂ ಬೆರಳುಗಳು ಏನನ್ನೋ ಆಲಿಸುತ್ತಿವೆ ಅನ್ನಿಸುತ್ತಿತ್ತು. ರೊಟ್ಟಿ ಹೊತ್ತಿದಾಗ ಯಂಕಮ್ಮ, "ನಿನ್ನ ಮೇಷ್ಟ್ರಿಗಿ ರೊಟ್ಟಿ ಬಡಿಯೋದು ಕಲಸಂತ ಹೇಳು," ಎಂದು ರೇಗಿಸುತ್ತಿದ್ದಳು.

ಒಂದು ದಿನ ಅವಳು ಊರಿನ ಕುಡಿಯುವ ನೀರಿನ ಘಟಕದಿಂದ ಬಿಚ್ಚಿ ತಂದ ವಾಲ್ವನ್ನು ಪಂಪಿಗೆ ಜೋಡಿಸಿ ಓಡಿಸಿದಳು. ಆ ಬಡಿತ ಆ ಕಡೆ ಲೋಬೊ ಅವರ ಬೆರಳಿಗೂ ತಲುಪಿತು.

"ಇದು ಯಾವ ಬಡಿತ? ಮರಳಿನ ಹಾಗೆ ಉಜ್ಜುತ್ತಾ ಉಂಟು. ನನಗೆ ಗೊತ್ತಿಲ್ಲ ಇದು."

"ಸುಣ್ಣ ಸರ್. ನಮ್ಮ ಬೋರಿನ ನೀರಾಗ ಸುಣ್ಣ ಭಾಳ, ಫಿಲ್ಟರ್ ದಾಟಿನೂ ಬರ್ತದ. ಕೊಡದ ಬುಡಕ್ಕೂ ಹಿಡಿತದ, ನಳಕ್ಕೂ ಹಿಡಿತದ."

"ಮಂಗಳೂರಿನ ನೀರಿನಲ್ಲಿ ಇದು ಬರುದೇ ಇಲ್ಲ," ಅವರು ನಿಧಾನವಾಗಿ ಅಂದರು. "ಸಾಬಮ್ಮ, ಇನ್ನೊಮ್ಮೆ ಓಡಿಸಿ. ನಾನು ಕಲೀಬೇಕು."

ಅವಳು ಆರು ಸಲ ಓಡಿಸಿದಳು. ಮಧ್ಯಾಹ್ನ ವಾರ್ಡಿಗೆ ಹೋಗಿ, ಚಾಲೂ ಇದ್ದ ಎರಡು ಯಂತ್ರಗಳ ಹೊರ ತಗಡಿನ ಮೇಲೆ ಬೆರಳಿಟ್ಟು ನಿಂತಳು. ಒಂದರಲ್ಲಿ ಅದೇ ಉಜ್ಜುವ ಬಡಿತ, ಮಂದವಾಗಿ. ಇದೂ ಹತ್ತು ದಿನದಲ್ಲಿ ನಿಲ್ಲುತ್ತದೆ ಎಂದು ನಸೀಮಾರಿಗೆ ಹೇಳಿದಳು. ಅದು ಎಂಟನೇ ದಿನ ನಿಂತಿತು.

ಒಂದು ಯಂತ್ರ, ಹನ್ನೊಂದು ಜನ. ತಂತ್ರಜ್ಞರು ಒಂಬತ್ತು ದಿನದ ಮೇಲೆ ಬರುವರೆಂದು ರಾಜಧಾನಿಯಲ್ಲಿದ್ದ ಯೋಜನೆಯ ಕೇಂದ್ರ ತಿಳಿಸಿತು. ಏಳು ಜನರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕಾಯಿತು. ಬಸ್ಸಿನಲ್ಲಿ ಎರಡು ತಾಸು ಹೋಗಿ, ಅಲ್ಲಿಯ ರೋಗಿಗಳ ನಂತರ ಕಾದು ಮಲಗಿ, ಮತ್ತೆ ಎರಡು ತಾಸು ಬರಬೇಕು. ಮೊದಲ ಸಲ ಹೋಗಿಬಂದ ಯಂಕಮ್ಮ ಬಸ್ ನಿಲ್ದಾಣದಲ್ಲೇ ಕುಸಿದಳು. ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದರು. ಉಸಿರಾಡಿದರೆ ಎದೆಯೊಳಗೆ ನೀರಿನ ಸದ್ದು.

"ನಾಳೆ ಬಿಚ್ತೀನಿ ಯಕ್ಕ," ಎಂದಳು ಸಾಬಮ್ಮ.

ಯಂಕಮ್ಮ ಕಣ್ಣು ತೆರೆದಳು. "ಕದ್ದು ಬಿಚ್ಚಬ್ಯಾಡ. ಎಲ್ಲಾರ ಮುಂದ ಬಿಚ್ಚು."

ಮರುದಿನ ಬೆಳಿಗ್ಗೆ ಹತ್ತಕ್ಕೆ ವಾರ್ಡಿನ ಎರಡೂ ಬಾಗಿಲು ತೆರೆದಿಟ್ಟರು. ರೋಗಿಗಳ ಮನೆಯವರು, ನರ್ಸುಗಳು, ಉಳಿದ ಎಂಟು ಕಲಿಕೆಗಾರರು ಗೋಡೆಗುಂಟ ನಿಂತರು. 'ನನ್ನ ಜವಾಬ್ದಾರಿಯಲ್ಲಿ' ಎಂದು ನಸೀಮಾ ಎರಡು ಸಾಲು ಬರೆದು, ಸಹಿ ಮಾಡಿ, ಹೊಸದಾಗಿ ನಿಂತ ಯಂತ್ರದ ನೆತ್ತಿಗೆ ಅಂಟಿಸಿದರು. ಸಾಬಮ್ಮ ತೋಳಚೀಲ ಕಳಚಿ ಮೇಜಿನ ಮೇಲಿಟ್ಟಳು. ಇನ್ನು ಅದು ಅಡ್ಡಿಯೇ ಹೊರತು ನೆರವಲ್ಲ. ಸೋಪು ಹಚ್ಚಿ ಕೈ ತೊಳೆದು ಮೊದಲ ಸ್ಕ್ರೂ ತಿರುಗಿಸಿದಳು.

ತಗಡು ತೆರೆದ ಕೂಡಲೇ ಯಂತ್ರ ತಾನೇ ಕೇಂದ್ರಕ್ಕೆ ದೂರು ಕಳಿಸಿತು. ಮೂರು ನಿಮಿಷದಲ್ಲಿ ನಸೀಮಾರ ಫೋನಿನಲ್ಲಿ ಚಿದಂಬರ ಕಾಣಿಸಿಕೊಂಡರು. ಸಭ್ಯತೆ ಸ್ವಲ್ಪ ಕಡಿಮೆಯಾಗಿತ್ತು.

"ಡಾಕ್ಟರ್, ಏನಿದು? ಅವರನ್ನ ನಿಲ್ಲಿಸಿ. ಅವರು ಎರಡನೇ ಹಂತ!"

ನಸೀಮಾ ಫೋನನ್ನು ಸಾಬಮ್ಮಳ ಕಡೆ ತಿರುಗಿಸಿ ಹಿಡಿದರು.

"ನೋಡ್ಕೋತ ಇರ್ರಿ ಸರ್," ಸಾಬಮ್ಮ ತಲೆಯೆತ್ತದೆ ಹೇಳಿದಳು. "ತಪ್ಪಿದ್ರ ಅಲ್ಲೇ ಹೇಳ್ರಿ. ನಿಮಗ ಗೊತ್ತಿದ್ರ."

"ಕಾನೂನು ಪ್ರಕಾರ ಇದು ಅಪರಾಧ."

"ಯಕ್ಕನ್ನ ಬಸ್ಸಿನ್ಯಾಗ ಕೂಡಿಸಿ ಕಳಸಿದ್ದು ಏನ್ರಿ ಕಾನೂನ ಪ್ರಕಾರ?"

ಚಿದಂಬರರ ಮುಖ ಪರದೆಯಿಂದ ಹೋಗಲಿಲ್ಲ. ಅವರು ನಿಜವಾಗಿಯೂ ನೋಡುತ್ತಲೇ ಇದ್ದರು.

ಉಪ್ಪು ಬೆರೆಸುವ ಪಂಪು ಹೊರಬಂತು. ಅದನ್ನು ಬಿಡಿಸಿದಾಗ ವಾಲ್ವಿನ ಸುತ್ತ ಮೊಟ್ಟೆಯ ಸಿಪ್ಪೆಯಂಥ ಬಿಳಿ ಪದರ. ಅಳತೆ ಮಾಡುವ ಕಡ್ಡಿಯ ಮೇಲೂ ಅದೇ. ಉಪ್ಪು ಸರಿಯಿದ್ದರೂ ಕಡ್ಡಿ ತಪ್ಪು ಓದುತ್ತಿತ್ತು, ಪಂಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಎಳೆಯುತ್ತಿತ್ತು. ಸಾಬಮ್ಮ ಅವನ್ನು ಸಿಟ್ರಿಕ್ ಆಮ್ಲದ ಬಿಸಿನೀರಿನಲ್ಲಿ ನೆನೆಸಿ, ಸುಣ್ಣ ಬಿಡಿಸಿ, ಮತ್ತೆ ಮತ್ತೆ ತೊಳೆದಳು. ಬಿರುಕು ಬಿಟ್ಟ ರಬ್ಬರು ಪೊರೆಯನ್ನು ತೆಗೆದು, ಬೀರುವಿನಲ್ಲಿ ಮೊಹರು ಒಡೆಯದೆ ಬಿದ್ದಿದ್ದ ಹೊಸದನ್ನು ಹಾಕಿದಳು. ಅಷ್ಟಾಗಲು ಎರಡು ತಾಸು ಹಿಡಿಯಿತು.

ಜೋಡಿಸಿ, ಶುರು ಮಾಡಿ, ಬೆರಳಿಟ್ಟಳು. ಟಕ್, ಟಕ್.

ಆದರೂ ರೋಗಿಗೆ ಹಚ್ಚಲು ಅವಳು ಒಪ್ಪಲಿಲ್ಲ. ರೋಗಿಯಿಲ್ಲದೆ ಮೂರು ಸಲ ಪೂರ್ತಿ ಓಡಿಸಿದರು. ಪ್ರತಿ ಸಲ ನಸೀಮಾ ತಮ್ಮ ಕೈಮೀಟರಿನಲ್ಲಿ ಅಳೆದರು, ಪ್ರಯೋಗಾಲಯದಲ್ಲಿ ದ್ರವ ಪರೀಕ್ಷಿಸಿದರು. ಮೂರೂ ಸಲ ಅಂಕಿ ಕೂಡಿಬಂತು. ಮರುದಿನ ಬೆಳಿಗ್ಗೆ ಯಾರನ್ನು ಮೊದಲು ಮಲಗಿಸುವುದೆಂಬ ಪ್ರಶ್ನೆ ಬರುವ ಮೊದಲೇ ಯಂಕಮ್ಮ ಗೋಡೆ ಹಿಡಿದುಕೊಂಡು ಬಂದು ಮಂಚ ಏರಿದ್ದಳು.

"ಯಕ್ಕ, ಹೆದರಿಕಿ ಇಲ್ಲೇನು?"

"ನೀ ಹೊಲಿದ ಮೊದಲನೇ ಲಂಗಾನೂ ನಾನೇ ಉಟ್ಟಿದ್ದೆ. ಸೊಟ್ಟ ಇತ್ತು. ಹಚ್ಚು."

ನಾಲ್ಕು ತಾಸು ಸಾಬಮ್ಮ ಅಲುಗಲಿಲ್ಲ. ಒಂದು ಕೈ ಯಂತ್ರದ ಮೇಲೆ, ಇನ್ನೊಂದು ಅಕ್ಕನ ಮಣಿಕಟ್ಟಿನ ಮೇಲೆ. ಎರಡು ಬಡಿತಗಳನ್ನೂ ಎಣಿಸುತ್ತ ಕೂತಳು. ಕೊನೆಗೆ ಸೂಜಿ ತೆಗೆದಾಗ ಯಂಕಮ್ಮಳ ಉಸಿರು ಸದ್ದಿಲ್ಲದೆ ಆಡುತ್ತಿತ್ತು. ಅರ್ಧ ಕಪ್ ಚಹಾ ಬೇಕೆಂದಳು. ಸಾಬಮ್ಮ ಹೊರಗೆ ಹೋಗಿ, ನಳದ ಬಳಿ ಕೂತು, ಮುಖಕ್ಕೆ ನೀರು ಹಾಕಿಕೊಳ್ಳುವ ನೆಪದಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಆ ವಾರದಲ್ಲೇ ಮೊದಲು ನಿಂತಿದ್ದ ಯಂತ್ರವನ್ನೂ ಒಂಬತ್ತು ಜನ ಸೇರಿ ಸರಿಪಡಿಸಿದರು. ಒಂಬತ್ತನೇ ದಿನ ಕೇಂದ್ರದ ತಂತ್ರಜ್ಞರು ಬಂದು, ಎರಡೂ ಯಂತ್ರ ಪರೀಕ್ಷಿಸಿ, 'ದೋಷ ಕಂಡುಬಂದಿಲ್ಲ' ಎಂದು ಬರೆದುಕೊಂಡು ಹೋದರು. ಅದರ ಹಿಂದೆಯೇ ಆದೇಶಗಳು ಬಂದವು. ಒಂಬತ್ತು ಜನರ ಎರಡನೇ ಹಂತದ ಪ್ರಮಾಣಪತ್ರ ರದ್ದು. ನಸೀಮಾರಿಗೆ ಕಾರಣ ಕೇಳಿ ನೋಟಿಸು. ಗ್ರೆಗರಿ ಲೋಬೊ ಸೇವೆಯಿಂದ ವಜಾ.

"ನನ್ನನ್ನು ತೆಗೆದರು ಮಾರಾಯ್ರೆ," ಲೋಬೊ ಫೋನಿನಲ್ಲಿ ಹೇಳಿದರು. ದನಿಯಲ್ಲಿ ಬೇಸರವಿತ್ತು, ಇಲ್ಲವೆನ್ನಲಾಗದು. "ಕ್ಷಮೆ ಬರೆದು ಕೊಟ್ಟರೆ ಇಡ್ತೇವೆ ಅಂದರು. ಯಾರ ಹತ್ತಿರ ಕ್ಷಮೆ ಕೇಳುದು? ಕಲಿಸಿದ್ದಕ್ಕಾ?"

"ಸರ್, ಪಕ್ಕದ ತಾಲ್ಲೂಕಿನವ್ರು ಕೇಳ್ಲಿಕತ್ತಾರ," ಎಂದಳು ಸಾಬಮ್ಮ. "ಅವ್ರ ಯಂತ್ರದಾಗ ಮೊದಲನೇ ಬಡಿತನೇ ಇಲ್ಲಂತ. ಏನಿರಬೌದ್ರಿ?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು. "ಮೊದಲನೆಯದು ಇಲ್ಲವಾ? ಹಾಗಾದರೆ ಸ್ಪ್ರಿಂಗು ನೋಡಬೇಕು. ಬರಕೊಳ್ಳಿ."

ಮುಂದಿನ ತಿಂಗಳುಗಳಲ್ಲಿ ಪಾಠದ ಕೋಣೆಗೆ ಬೇರೆ ಬೇರೆ ಊರುಗಳಿಂದ ನರ್ಸುಗಳು, ಆಯಾಗಳು, ಪಂಪ್ ರಿಪೇರಿಯವರು ಬರತೊಡಗಿದರು. ಚೀಲಗಳನ್ನು ಕೇಂದ್ರ ಬಂದ್ ಮಾಡಿತ್ತು, ಅವಿಲ್ಲದೆ ಕಲಿಸುವುದು ನಿಧಾನ. ಮೇಷ್ಟ್ರು ನಲವತ್ತು ಸಲದಲ್ಲಿ ಇಳಿಸಿದ್ದನ್ನು ಸಾಬಮ್ಮ ಬರಿಗೈಯಲ್ಲಿ ಮುನ್ನೂರು ಸಲ ಮಾಡಿಸಬೇಕಾಗುತ್ತಿತ್ತು. ಬೆರಳ ಮೇಲೆ ಬೆರಳಿಟ್ಟು, ಇದು ಕೇಳಿತೇನು, ಇದು ಕೇಳಿತೇನು ಎಂದು ಕೇಳುತ್ತಿದ್ದಳು. ಕೆಲವರು ಬಿಟ್ಟುಹೋದರು. ಹೆಚ್ಚಿನವರು ಉಳಿದರು.

ಒಂದು ಗುರುವಾರ ಚಿದಂಬರ ತಾವೇ ಬಂದರು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದರು, ಬಿಸಿಲಿಗೆ ಬೆವರಿದ್ದರು. ಬಾಗಿಲಲ್ಲೇ ನಿಂತು ಆದೇಶ ಓದಿದರು: ಯೋಜನೆಗೆ ಸೇರಿದ ಒಂಬತ್ತು ತೋಳಚೀಲಗಳನ್ನು ಮರಳಿಸತಕ್ಕದ್ದು, ಅನುಮತಿಯಿಲ್ಲದ ತರಬೇತಿಯನ್ನು ತಕ್ಷಣ ನಿಲ್ಲಿಸತಕ್ಕದ್ದು.

ಒಂಬತ್ತೂ ಚೀಲಗಳನ್ನು ಒಗೆದು, ಮಡಚಿ, ಪೆಟ್ಟಿಗೆಯಲ್ಲಿ ಆಗಲೇ ಸಿದ್ಧವಾಗಿಟ್ಟಿದ್ದರು. ಸಾಬಮ್ಮ ಪೆಟ್ಟಿಗೆಯನ್ನು ಅವರ ಕೈಗಿತ್ತಳು. "ಇವು ನಿಮ್ಮವು, ತೊಗೊಂಡು ಹೋಗ್ರಿ. ಎಣಿಸಿ ನೋಡ್ರಿ ಬೇಕಾದ್ರ."

"ಮತ್ತೆ ತರಬೇತಿ?"

"ಅದು ನಿಮ್ಮದಲ್ಲ."

"ನೋಡಿ ಮೇಡಂ," ಚಿದಂಬರ ದನಿ ತಗ್ಗಿಸಿದರು, "ಆವತ್ತು ನಾನು ಪೂರ್ತಿ ನೋಡಿದೆ. ನೀವು ಚೆನ್ನಾಗಿ ಮಾಡಿದ್ರಿ, ಇಲ್ಲ ಅನ್ನಲ್ಲ. ನಕ್ಷೆ ಬದಲಾಯಿಸಿ ಅಂತ ಮೇಲಿನವರಿಗೆ ನಾನೇ ಬರೀತೀನಿ. ಆದರೆ ಅಲ್ಲಿಯವರೆಗೆ ಇದನ್ನ ನಿಲ್ಲಿಸ್ತೀನಿ ಅಂತ ಬರೆದು ಕೊಡಿ. ಇಲ್ಲದಿದ್ದರೆ ಮುಂದಿನ ಕ್ರಮ ನನ್ನ ಕೈಲಿರಲ್ಲ."

"ಬರೀರಿ, ಚಲೋ ಆಯ್ತು. ನಾ ಬರ್ದು ಕೊಡಂಗಿಲ್ಲ. ಕ್ರಮ ತೊಗೋರಿ. ಜೈಲಿಗಿ ಹಾಕಿದ್ರ ಅಲ್ಲಿನೂ ನೀರಿನ ಪಂಪ್ ಇರ್ತದ, ಅಲ್ಲಿದ್ದವ್ರಿಗಿ ಕಲಸ್ತೀನಿ."

ಗೋಡೆಗುಂಟ ಕೂತಿದ್ದ ಹದಿನಾಲ್ಕು ಹೆಂಗಸರು, ಆರು ಗಂಡಸರು ಯಾರೂ ಎದ್ದು ಹೋಗಲಿಲ್ಲ. ಎಲ್ಲರ ಬೆರಳುಗಳೂ ಎದುರಿದ್ದ ಪಂಪುಗಳ ಮೇಲೆಯೇ ಇದ್ದವು. ಚಿದಂಬರ ಒಬ್ಬೊಬ್ಬರನ್ನೇ ನೋಡಿದರು, ಹೆಸರು ಬರೆದುಕೊಳ್ಳಲು ಪೆನ್ನು ತೆಗೆದರು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ನಿಂತರು. ಅಷ್ಟರಲ್ಲಿ ಅಂಗಳದಲ್ಲಿ ಟೆಂಪೊ ಬಂದು ನಿಂತ ಸದ್ದಾಯಿತು. ಕೃಷ್ಣೆಯ ಆಚೆ ದಂಡೆಯ ಊರಿನವರು ಕೆಟ್ಟ ಯಂತ್ರವೊಂದನ್ನು ಹಾಸಿಗೆಯಲ್ಲಿ ಸುತ್ತಿ, ಹಗ್ಗ ಬಿಗಿದು ತಂದಿದ್ದರು. ನಾಲ್ಕು ಜನ ಅದನ್ನು ಹೆಗಲಿಗೆತ್ತಿ ಮೆಟ್ಟಿಲೇರಿದರು.

ಸಾಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸರ್, ಬಾಗಲಾ ಬಿಟ್ಟು ನಿಂದರ್ರಿ. ಮಶೀನ್ ಒಳಗ ಬರಬೇಕು."